ತಹೋಮ ಉರುಫ್ ರೈನಿಯರ್

ಶ್ರೀರಂಗಪಟ್ಟಣ
ಗುರುವಾರ, ಸಂಜೆ

ಚಿ. ಪುಟ್ಟಿಗೆ ತಾತನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಅತ್ತದ್ದು ಒಂದು ಬೆಟ್ಟಕ್ಕೋಸ್ಕರ ಅಂತ ಹೇಳಿದರೆ ನಿನ್ನ ಅಜ್ಜಿ ನಂಬಲಿಲ್ಲ. "ಬೆಟ್ಟಕ್ಕೆ ಯಾರಾದರೂ ಅಳ್ತಾರಾ? ಹೊಟ್ಟೆಗೆ ಸರಿಯಾಗಿ ತಿಂತಿಲ್ಲ ಮಗು" ಅಂತ ಕೊಬ್ಬರಿ ಮಿಠಾಯಿ ಮಾಡೋಕೆ ಕೂತಳು. ಡಬ್ಬಿ ಈ ಕಾಗದದ ಜೊತೆಗೇ ಬರುತ್ತೆ. ರೂಮಿನ ಹುಡುಗಿಗೂ ಕೊಡು.

ನನಗೆ ನಂಬಿಕೆ ಬಂತು. ಆ ಬೆಟ್ಟವನ್ನು ನೋಡಿದವನು ನಾನು.

ನಾವು ಅಮೆರಿಕದ ನಿಮ್ಮ ರೆಂಟನ್ ಮನೆಗೆ ಬಂದದ್ದು ನವೆಂಬರಿನಲ್ಲಿ. ಒಂದೂವರೆ ತಿಂಗಳು ಬೂದಿ ಬಣ್ಣದ ಆಕಾಶ, ಬಿಡದ ಸೋನೆ. ನಿಮ್ಮಪ್ಪ ದಿನಾ ಅಡುಗೆಮನೆ ಕಿಟಕಿ ಕಡೆ ಕೈ ಮಾಡಿ "ಅಲ್ಲೇ ಇದೆ ಬೆಟ್ಟ, 14,410 ಅಡಿ" ಅನ್ನುತ್ತಿದ್ದ. ನಾನು ಹೂಂ ಅನ್ನುತ್ತಿದ್ದೆ. ಸರ್ವೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಸರಪಳಿ ಎಳೆದವನಿಗೆ ಕಾಣದ ಬೆಟ್ಟದ ಎತ್ತರ ಒಪ್ಪಿಕೊಳ್ಳುವ ಅಭ್ಯಾಸವಿಲ್ಲ. ಆಮೇಲೊಂದು ಬೆಳಿಗ್ಗೆ, ಒಂಬತ್ತು ವರ್ಷದ ನೀನು ಒಂದು ಕಾಲಿಗೆ ಶೂ, ಇನ್ನೊಂದಕ್ಕೆ ಬರೀ ಕಾಲುಚೀಲ ಹಾಕಿಕೊಂಡು ಓಡಿಬಂದೆ. "ತಾತಾ, ಮೌಂಟನ್ ಈಸ್ ಔಟ್!" ಅಂತ ನನ್ನ ಪಂಚೆ ಹಿಡಿದು ಎಳೆದೆ. ನಾನು ಗಾಬರಿಯಾದೆ. ನಮಗೆ ಔಟ್ ಅಂದರೆ ವಿಶ್ವನಾಥ್ ಪೆವಿಲಿಯನ್ನಿಗೆ ವಾಪಸ್ಸು ನಡೆದ ಹಾಗೆ, ಕಥೆ ಮುಗಿಯಿತು ಅಂತ. ನಿಮ್ಮೂರಲ್ಲಿ ಔಟ್ ಅಂದರೆ ಉತ್ಸವಮೂರ್ತಿ ಗುಡಿಯಿಂದ ಆಚೆ ಬಂದ ಹಾಗೆ ಅಂತ ಪಾರ್ಕಿಂಗ್ ಜಾಗಕ್ಕೆ ಹೋದ ಮೇಲೆ ತಿಳಿಯಿತು.

ಬೆಟ್ಟದ ಬುಡದ ನೀಲಿ ಆಕಾಶದ ನೀಲಿಯಲ್ಲಿ ಕರಗಿಹೋಗಿತ್ತು. ಮೇಲಿನ ಬಿಳಿ ಮಾತ್ರ ನೆಲ ಬಿಟ್ಟು ನಿಂತಿತ್ತು, ಯಾರೋ ಆಮೇಲೆ ತೆಗೆದುಕೊಂಡು ಹೋಗೋಣ ಅಂತ ಅಲ್ಲಿ ಇಟ್ಟು ಮರೆತ ಹಾಗೆ. ಕಸದ ಡಬ್ಬಿ ಎಳೆದುಕೊಂಡು ಬಂದಿದ್ದ ಪಕ್ಕದ ಮನೆಯ ಮುದುಕ ಡಬ್ಬಿಯನ್ನು ದಾರಿಯಲ್ಲೇ ಬಿಟ್ಟು ನಿಂತಿದ್ದ. ನನ್ನ ಕೈ ತಾನಾಗಿ ಮುಗಿಯಿತು. "ಯಾಕೆ ನಮಸ್ಕಾರ?" ಅಂತ ನೀನು ಕೇಳಿದೆ. ಏನು ಹೇಳಿದೆನೋ ನೆನಪಿಲ್ಲ. ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು.

ಈಗ ನಿನ್ನ ಹಾಸ್ಟೆಲ್ ಕಿಟಕಿಯಲ್ಲಿ ಪಕ್ಕದ ಕಟ್ಟಡದ ಸಿಂಟೆಕ್ಸ್ ಟ್ಯಾಂಕ್ ಕಾಣುತ್ತದೆ ಅಂದೆಯಲ್ಲ, ಅರ್ಥವಾಯಿತು. ಅಲ್ಲಿದ್ದಾಗ ಕಾಣದ ದಿನವೂ ಬೆಟ್ಟ ಒಂದು ದಿಕ್ಕಿನಲ್ಲಿ ಇದ್ದೇ ಇರುತ್ತಿತ್ತು. ಇಲ್ಲಿ ನಿನಗೆ ಆ ದಿಕ್ಕೇ ಇಲ್ಲ. ಅದನ್ನು ತುಂಬಿಕೊಡುವ ಹುಮ್ಮಸ್ಸಿನಲ್ಲಿ ನಾನೊಮ್ಮೆ ಪೆದ್ದುತನ ಮಾಡಿದ್ದೆ, ಜ್ಞಾಪಕ ಇದೆಯಾ? ರಜೆಗೆ ಬಂದಾಗ ಗುಂಡ್ಲುಪೇಟೆ ಆಚೆ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದೆ. ಹೆಸರಲ್ಲೇ ಹಿಮ ಇದೆ ಅಂತ ನೀನು ಆಸೆಪಟ್ಟು ಉಣ್ಣೆ ಟೋಪಿ ತಂದಿದ್ದೆ. ಬೆಟ್ಟದ ಬುಡದಿಂದ ಸರ್ಕಾರಿ ಬಸ್ಸಿನಲ್ಲಿ ಮೇಲೆ ಹೋದರೆ ಸಿಕ್ಕಿದ್ದು ಮುಖಕ್ಕೆ ಒರೆಸುವ ಮಂಜು. "ತಾತ, ಸ್ನೋ ಎಲ್ಲಿ?" ಅಂದೆ. "ಇದೇ ಮಂಜು" ಅಂದೆ ನಾನು. "ಇದು ಫಾಗ್" ಅಂದೆ ನೀನು. ತಪ್ಪು ನಮ್ಮ ಮಾತಿನದು ಪುಟ್ಟಿ. ಹುಲ್ಲಿನ ಮೇಲೆ ಕೂತದ್ದೂ ಮಂಜು, ಕಣಿವೆ ತುಂಬಿದ್ದೂ ಮಂಜು, ಕಾಶ್ಮೀರದಲ್ಲಿ ಬೀಳುವುದೂ ಮಂಜು. ಬಿಡಿಸಿ ಹೇಳುವ ಅಗತ್ಯ ನಮ್ಮ ಹಿರಿಯರಿಗೆ ಬೀಳಲಿಲ್ಲ.

ಸರಿ, ನಿನ್ನ ಪ್ರಶ್ನೆಗೆ ಬರುತ್ತೇನೆ. ನೀನು ಬೆಟ್ಟದ ಚಿತ್ರ ಬರೆದು ಗೋಡೆಗೆ ಅಂಟಿಸಿದೆ. ರೂಮಿನ ಹುಡುಗಿ ಹೆಸರು ಕೇಳಿದಳು. ರೈನಿಯರ್ ಅಂದರೆ "ಮಳೆ ಜಾಸ್ತಿ ಅಂತಾನಾ?" ಅಂದಳು. ನೀನು ಹುಟ್ಟಿದಾಗಿನಿಂದ ಅದನ್ನು ಬರೀ ಮೌಂಟನ್ ಅಂತ ಕರೆದವಳು, ಬಾಯಿ ಕಟ್ಟಿತು. ಮಳೆಗೂ ಆ ಹೆಸರಿಗೂ ಸಂಬಂಧವಿಲ್ಲ. ನಿನ್ನ ಫೋನ್ ಬಂದ ಮೇಲೆ ಎರಡು ರಾತ್ರಿ ಓದಿ ನೋಡಿದೆ. ಸಂಬಂಧ ಇರುವುದು, ನಗಬೇಡ, ನಮ್ಮೂರಿಗೆ.

1792ರ ಮೇ ತಿಂಗಳಲ್ಲಿ ಜಾರ್ಜ್ ವ್ಯಾಂಕೂವರ್ ಅನ್ನುವ ಇಂಗ್ಲಿಷ್ ಕಪ್ತಾನ ಆ ಕರಾವಳಿಯ ನಕ್ಷೆ ಮಾಡುತ್ತಿದ್ದ. ದೂರದಲ್ಲಿ ಬಿಳಿ ಬೆಟ್ಟ ಕಂಡಿತು. ತನ್ನ ಸ್ನೇಹಿತ ಪೀಟರ್ ರೈನಿಯರ್ ಹೆಸರಿಟ್ಟ. ಅಷ್ಟೆ. ಸ್ನೇಹಿತ ಆ ಬೆಟ್ಟವನ್ನು ಕಣ್ಣಿನಿಂದ ನೋಡಲೇ ಇಲ್ಲ. ಆ ಹೆಸರಿಡುವ ಎರಡು ತಿಂಗಳ ಮುಂಚೆ, ಮಾರ್ಚಿನಲ್ಲಿ, ಇಲ್ಲಿ ನಮ್ಮ ಪಟ್ಟಣದಲ್ಲಿ ಟಿಪ್ಪು ಕಾರ್ನ್‌ವಾಲಿಸನಿಗೆ ಅರ್ಧ ರಾಜ್ಯ ಬರೆದುಕೊಟ್ಟಿದ್ದ. ಅವನ ಇಬ್ಬರು ಪುಟ್ಟ ಮಕ್ಕಳು ಆಗಲೇ ಒತ್ತೆಯಾಗಿ ಹೋಗಿದ್ದರು.

ಈ ರೈನಿಯರ್ ಯಾರು ಗೊತ್ತಾ? ಹೈದರಾಲಿ, ಅವನ ನಂತರ ಟಿಪ್ಪು, ಫ್ರೆಂಚರ ಜೊತೆ ಸೇರಿ ಇಂಗ್ಲಿಷರ ಮೇಲೆ ಯುದ್ಧ ಮಾಡುತ್ತಿದ್ದಾಗ, 1782-83ರಲ್ಲಿ, ಬಂಗಾಳ ಕೊಲ್ಲಿಯಲ್ಲಿ ಫ್ರೆಂಚ್ ನೌಕಾಪಡೆಯ ಸಫ್ರೆನ್ ವಿರುದ್ಧ ಐದು ಸಲ ಕಾದಿದ ಇಂಗ್ಲಿಷ್ ಹಡಗುಗಳಲ್ಲಿ ಒಂದಾದ ಬರ್ಫರ್ಡ್‌ಗೆ ಕಪ್ತಾನ. 1794ರಿಂದ 1805ರವರೆಗೆ ಪೂರ್ವ ಸಮುದ್ರಗಳ ಇಂಗ್ಲಿಷ್ ನೌಕಾಪಡೆಗೆಲ್ಲ ಅವನೇ ದಂಡನಾಯಕ. 1799ರಲ್ಲಿ ಟಿಪ್ಪುವಿಗೆ ಫ್ರೆಂಚರ ನೆರವು ಕಡಲ ಹಾದಿಯಲ್ಲಿ ಬರದ ಹಾಗೆ ಕಾಯುವ ಹೊಣೆ ಅವನ ಹಡಗುಗಳದ್ದು. ಟಿಪ್ಪು ಬಿದ್ದ ಜಾಗ ನಮ್ಮನೆಯಿಂದ ಹತ್ತು ನಿಮಿಷದ ದಾರಿ. ದಿನಾ ಬೆಳಿಗ್ಗೆ ವಾಕಿಂಗಿಗೆ ಹೋಗುವುದೇ ಆ ಕಡೆ. ರೆಂಟನ್ನಿನ ಪಾರ್ಕಿಂಗ್ ಜಾಗದಲ್ಲಿ ನಾನು ಕೈ ಮುಗಿದದ್ದು ಯಾರ ಹೆಸರಿಗೆ ಅಂತ ಗೊತ್ತಾದ ರಾತ್ರಿ ನಗು ತಡೆಯಲಾರದೆ ನಿನ್ನ ಅಜ್ಜಿಯನ್ನು ಎಬ್ಬಿಸಿದೆ. ಬೈದಳು.

ಅಮೆರಿಕದವರಿಗೂ ಅವನೇನು ನೆಂಟನಲ್ಲ. 1778ರಲ್ಲಿ, ಅವರ ಸ್ವಾತಂತ್ರ್ಯ ಯುದ್ಧದಲ್ಲಿ, ಅಮೆರಿಕನ್ ಹಡಗೊಂದನ್ನು ಹಿಡಿಯುವಾಗ ಬಲವಾಗಿ ಗಾಯಗೊಂಡವನು. ಅಂಥವನ ಹೆಸರು ನಮ್ಮ ಬೆಟ್ಟಕ್ಕೆ ಯಾಕೆ ಅಂತ ಟಕೋಮ ಊರಿನವರು ವರ್ಷಗಟ್ಟಲೆ ಜಗಳವಾಡಿದರು. ಹೆಸರುಗಳ ಸರ್ಕಾರಿ ಮಂಡಳಿ 1890ರಲ್ಲಿ ರೈನಿಯರ್ ಅಂತಲೇ ತೀರ್ಮಾನಿಸಿತು. ಒಂದು ಮಾತು ಅವನ ಪರವಾಗಿ: ನಮ್ಮ ಸಮುದ್ರಗಳಲ್ಲಿ ಸಂಪಾದಿಸಿದ ದೊಡ್ಡ ಗಂಟಿನಲ್ಲಿ ಹತ್ತನೇ ಒಂದು ಪಾಲನ್ನು ಸಾಯುವಾಗ ತನ್ನ ದೇಶದ ಸಾಲ ತೀರಿಸಲು ಬರೆದಿಟ್ಟ. ಗಂಟು ಎಲ್ಲಿಂದ ಬಂತು ಅಂತ ಕೇಳಬೇಡ.

ಅದಕ್ಕೂ ಮುಂಚೆ ಬೆಟ್ಟಕ್ಕೆ ಹೆಸರಿರಲಿಲ್ಲವಾ? ಇತ್ತು. ಪುಯಾಲಪ್, ನಿಸ್ಕ್ವಾಲಿ ಜನ ಅದರ ನೀರು ಕುಡಿದು ಬಾಳಿದವರು. ಅಲ್ಲಿನ ನದಿಗಳಿಗೆ ಇವತ್ತಿಗೂ ಅವರ ಹೆಸರೇ. ಬೆಟ್ಟವನ್ನು ಅವರು ಕರೆದದ್ದು ಬರೆಯುವವರ ಕಿವಿಗೆ ಒಮ್ಮೆ ತಹೋಮ ಅಂತ, ಒಮ್ಮೆ ಟಕೋಮ ಅಂತ ಬಿತ್ತು. ನೀರಿನ ತಾಯಿ ಅಂತ ಕೆಲವರು ಅರ್ಥ ಹೇಳುತ್ತಾರೆ, ಹಿಮ ಹೊದ್ದ ಬೆಟ್ಟ ಅಂತ ಕೆಲವರು. ನನ್ನ ಓಟು ನೀರಿನ ತಾಯಿಗೆ. ಎರಡು ಡಜನ್‌ನಷ್ಟು ಹಿಮನದಿಗಳನ್ನು ಮೈಮೇಲೆ ಇಟ್ಟುಕೊಂಡು ಅಷ್ಟು ಹೊಳೆಗಳನ್ನು ಹೆತ್ತವಳಿಗೆ ಬೇರೆ ಏನಂತ ಹೆಸರಿಡುತ್ತೀ? ಒಳಗೆ ಬೆಂಕಿ ಇಟ್ಟುಕೊಂಡಿದ್ದಾಳೆ ಅನ್ನುವುದು ಬೇರೆ ಮಾತು. ತಾಯಂದಿರ ವಿಷಯದಲ್ಲಿ ಅದೂ ಇದ್ದದ್ದೇ.

ವ್ಯಾಂಕೂವರನನ್ನು ಬೈಯೋಣ ಅಂತ ಪೆನ್ನು ಎತ್ತಿದೆ. ಆದರೆ ನನಗೆ ಆ ಹಕ್ಕಿಲ್ಲ. ನಿಮ್ಮಪ್ಪನಿಗೂ ಹೇಳದ ಕಥೆ ಇದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾಗಮಂಗಲದ ಆಚೆ ಒಂದು ಕಲ್ಲುಗುಡ್ಡ ಅಳೆದೆ. ಬಿಸಿಲು ಅಂದರೆ ಬಿಸಿಲು. ಗುಡ್ಡದ ಪೂರ್ವಕ್ಕಿದ್ದ ಊರಿನವರು ಹೊಂಗೆ ನೆರಳಲ್ಲಿ ಕೂರಿಸಿ ಒಗ್ಗರಣೆ ಹಾಕಿದ ಮಜ್ಜಿಗೆ ಕೊಟ್ಟರು. ಹೆಸರು ಕೇಳಿದೆ. ಬಸವನಗುಡ್ಡ ಅಂದರು. ಬರೆದುಕೊಂಡೆ. ಪಶ್ಚಿಮದ ಊರಿಗೂ ಹೋಗಿ ಕೇಳಬೇಕಾಗಿತ್ತು. ಹೊತ್ತು ಇಳಿದಿತ್ತು, ಕಾಲಿಗೆ ಬೊಬ್ಬೆ ಬಂದಿತ್ತು, ಹೋಗಲಿಲ್ಲ. ನಕ್ಷೆ ಅಚ್ಚಾಯಿತು. ಏಳೆಂಟು ವರ್ಷ ಆದ ಮೇಲೆ ಬೇರೆ ಕೆಲಸದ ಮೇಲೆ ಆ ಪಶ್ಚಿಮದ ಊರಿಗೆ ಹೋದಾಗ ಜಗಲಿ ಮೇಲೆ ನಕ್ಷೆ ಹರಡಿದೆ. ಶಾಲೆ ಹುಡುಗನೊಬ್ಬ ಜೋರಾಗಿ ಓದಿದ. ಅವರೇಕಾಯಿ ಸುಲಿಯುತ್ತಿದ್ದ ಮುದುಕಿ ತಲೆ ಎತ್ತಿ, "ನಮ್ಮ ಸೂಲಗಿತ್ತಿ ಎಲ್ಲಿ ಹೋದಳು ಸ್ವಾಮಿ?" ಅಂದಳು. ಅವರಿಗೆ ಅದು ಸೂಲಗಿತ್ತಿ ಗುಡ್ಡ. ಪೂರ್ವದಿಂದ ಮಲಗಿದ ಬಸವ ಕಾಣುವ ಬಂಡೆ, ಪಶ್ಚಿಮದಿಂದ ಮಂಡಿಯೂರಿ ಕೂತ ಹೆಂಗಸು. ಕೂಸನ್ನು ಎತ್ತಿಕೊಳ್ಳಲು ಎರಡು ಕೈ ಮುಂದೆ ಚಾಚಿದ ಹಾಗೆ.

ತಿದ್ದಿಸುತ್ತೇನೆ ಅಂತ ಮುದುಕಿಗೆ ಮಾತು ಕೊಟ್ಟೆ. ಅರ್ಜಿ ಬರೆದೆ ಕೂಡ. ಮಂದಗತಿಯ ಕಡತದಲ್ಲಿ ಅದು ಎಲ್ಲೋ ಕೂತಿತು. ನಾನೂ ಮತ್ತೆ ಕೇಳಲಿಲ್ಲ. ಲೋಟ ಮಜ್ಜಿಗೆಗೆ ನಾನು ಮಾಡಿದ್ದನ್ನೇ ವ್ಯಾಂಕೂವರ್ ಸ್ನೇಹಕ್ಕೆ ಮಾಡಿದ.

ಊರು ಬಿಟ್ಟವರಿಗೆ ಹೆಸರೇ ಆಸ್ತಿ ಅನ್ನುವುದು ನನಗೆ ಹೊಳೆದದ್ದು ನಿಮ್ಮೂರಿನ ಯುಗಾದಿ ಕಾರ್ಯಕ್ರಮದಲ್ಲಿ. ಅಲ್ಲಿನ ಕನ್ನಡ ಸಂಘಕ್ಕೆ ಸಹ್ಯಾದ್ರಿ ಅಂತ ಹೆಸರು. ಆಗುಂಬೆಯನ್ನು ಹೊತ್ತುಕೊಂಡು ಹೋಗೋಕಾಗಲ್ಲ, ಮೂರು ಅಕ್ಷರ ಕಟ್ಟಿಕೊಂಡು ಹೋದರು. ನಾನಂತೂ ಆ ಐದು ತಿಂಗಳು ಬೆಳಗಾಗೆದ್ದು ಪೂರ್ವಕ್ಕೆ ತಿರುಗಿ ಕರಿಘಟ್ಟ ಹುಡುಕುತ್ತಿದ್ದೆ. ಇಲ್ಲಿ ಮಾಳಿಗೆ ಮೇಲೆ ನಿಂತರೆ ಕಾವೇರಿ ಆಚೆ ಕಾಣುವ, ಬಿಸಿಲಿಗೆ ಕಾದು ಕಪ್ಪಗೆ ನಿಂತ ಸಣ್ಣ ಗುಡ್ಡ. ಕರಿ ಅಂದರೆ ಕಪ್ಪೋ ಆನೆಯೋ ಅಂತ ನಮ್ಮಲ್ಲೂ ವಾದ ಉಂಟು. ನಿನ್ನ ಬೆಟ್ಟದ ಮಂಡಿಗೂ ಬಾರದು. ಆದರೂ ನೀನು ಅಷ್ಟು ದೊಡ್ಡದನ್ನು ತೋರಿಸಿದ ದಿನ ಮಧ್ಯಾಹ್ನ ನನಗೆ ಅನ್ನ ಸೇರಲಿಲ್ಲ. ಅಜ್ಜಿಗೆ ಹೊಟ್ಟೆನೋವು ಅಂತ ಹೇಳಿದ್ದೆ.

ಚಿತ್ರದ ಕೆಳಗೆ ಏನು ಬರೆಯಲಿ ಅಂತ ಕೇಳಿದ್ದೀ. ನಮ್ಮ ಕಂದಾಯದ ಕಾಗದಗಳಲ್ಲಿ ಒಬ್ಬನಿಗೆ ಎರಡು ಹೆಸರಿದ್ದರೆ ನಡುವೆ ಉರುಫ್ ಅಂತ ಹಾಕುತ್ತಾರೆ. ರಾಮೇಗೌಡ ಉರುಫ್ ಕುಳ್ಳಣ್ಣ. ಗುಡ್ಡಗಳಿಗೆ ಹಾಗೆ ಬರೆಯಬಾರದು ಅಂತ ಯಾವ ನಿಯಮವೂ ಇರಲಿಲ್ಲ, ನನ್ನ ತಲೆಗೆ ಹೋಗಲಿಲ್ಲ ಅಷ್ಟೆ. ನೀನು ತಹೋಮ ಉರುಫ್ ರೈನಿಯರ್ ಅಂತ ಬರಿ. ತಹೋಮ ಮೊದಲು. ಅಕ್ಷರ ದಪ್ಪ ಇರಲಿ, ಹುಡುಗಿ ಮಂಚದ ಮೇಲಿಂದಲೇ ಓದಬೇಕು.

ಭಾನುವಾರ ಬೆಳಗಿನ ರೈಲಿಗೆ ಬಾ, ಸ್ಟೇಷನ್ನಿಗೆ ನಾನೇ ಬರುತ್ತೇನೆ. ಬಣ್ಣದ ಡಬ್ಬಿ ತಾ. ಕರಿಘಟ್ಟಕ್ಕೆ ಬಿಳಿ ಬೇಕಾಗಲ್ಲ, ಅದನ್ನು ಅಲ್ಲೇ ಬಿಟ್ಟು ಬಾ. ಗೋಡೆಗೆ ಅಂಟಿಸಿದ್ದನ್ನು ಕೀಳಬೇಡ, ಫೋಟೋ ತೆಗೆದು ಕಳಿಸು, ಅಜ್ಜಿಗೆ ತೋರಿಸಬೇಕು.

ಇತಿ,
ನಿನ್ನ ತಾತ