ಪಾಠ 9: ರೊಟ್ಟಿಯ ಲೆಕ್ಕ, ಕಸೂತಿಯ ಲೆಕ್ಕ

ಅಕ್ಕಂದಿರೇ, ಶಾಲೆಗೆ ರಜೆ ಬಂತೆಂದರೆ ಮಕ್ಕಳು ಮನೆಯಲ್ಲೇ ಇರುತ್ತಾರೆ. ಆಗ ಅವರು ಏನು ಕಲಿಯಬಹುದು?

"ಮನ್ಯಾಗ ಕಲಿಯೋದು ಏನೈತ್ರಿ? ರೊಟ್ಟಿ ಬಡಿಯೋದು, ಸೂಜಿ ಹಿಡಿಯೋದು, ಅಷ್ಟ!" ಎಂದು ನೀವು ಹೇಳಬಹುದು.

ಅದು ಸಣ್ಣ ಮಾತಲ್ಲ. ರೊಟ್ಟಿಯೂ ಒಂದು ವಿದ್ಯೆ. ಕಸೂತಿಯೂ ಒಂದು ವಿದ್ಯೆ. ಎರಡರಲ್ಲೂ ಅಳತೆ ಇದೆ. ಎಣಿಕೆ ಇದೆ. ಬನ್ನಿ, ನೋಡೋಣ.

ಬಿಸಿ ನೀರು ಯಾಕೆ?

ಜೋಳದ ಹಿಟ್ಟಿಗೆ ನಾವು ಕುದಿಯುವ ನೀರು ಹಾಕುತ್ತೇವೆ. ಯಾಕೆ? ಗೋಧಿ ಹಿಟ್ಟಿನಲ್ಲಿ ತಾನಾಗಿ ಜಿಗಿ ಇರುತ್ತದೆ. ಜೋಳದ ಹಿಟ್ಟಿನಲ್ಲಿ ಆ ಜಿಗಿ ಇಲ್ಲ. ಬಿಸಿ ನೀರು ಬಿದ್ದಾಗ ಹಿಟ್ಟು ಸ್ವಲ್ಪ ಬೇಯುತ್ತದೆ. ಆಗ ಜಿಗಿ ಬರುತ್ತದೆ. ತಣ್ಣೀರಲ್ಲಿ ಕಲಸಿದರೆ ಬಡಿಯುವಾಗ ಅಂಚು ಒಡೀತದೆ.

ಇದು ನಿಮ್ಮ ಕೈಗೆ ಗೊತ್ತು. ಮಕ್ಕಳಿಗೆ ಬಾಯಿಬಿಟ್ಟು ಹೇಳಿ. "ಅಳತಿ ಎಷ್ಟವ್ವಾ?" ಎಂದು ಮಗಳು ಕೇಳಿದರೆ "ಅಂದಾಜ ಹಾಕು" ಅನ್ನಬೇಡಿ. ಲೋಟದಿಂದ ಅಳೆದು ತೋರಿಸಿ. ಆಮೇಲೆ ಬರೆದಿಡಿ. ಮಗಳಿಗೆ ಮಾತ್ರ ಅಲ್ಲ, ಮಗನಿಗೂ ಕಲಿಸಿ. ಹಸಿವು ಇಬ್ಬರಿಗೂ ಆಗ್ತದಲ್ಲ!

ಎಳೆ ಎಣಿಸೋಣ

ಕಸೂತಿ ಧಾರವಾಡ ಸೀಮೆಯ ಹಳೆಯ ಕಲೆ. ಇಳಕಲ್ ಸೀರೆಯ ಮೇಲೆ, ಕುಬಸದ ಮೇಲೆ ಇದನ್ನು ಹಾಕುತ್ತಾರೆ. ಗೋಪುರ, ತೇರು, ಆನೆ, ನವಿಲು, ತುಳಸಿ ಕಟ್ಟೆ ಎಲ್ಲವೂ ಇದರಲ್ಲಿ ಬರುತ್ತವೆ.

ಹಳೆಯ ಪದ್ಧತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ಬಟ್ಟೆಯ ಎಳೆ ಎಣಿಸಿ ಸೂಜಿ ಹಾಕುತ್ತಾರೆ. ಎಣಿಕೆ ತಪ್ಪಿದರೆ ತೇರು ವಾರೆಯಾಗುತ್ತದೆ.

ಕಸೂತಿಯಲ್ಲಿ 4 ಬಗೆಯ ಹೊಲಿಗೆ ಇವೆ.

1. ಗವಂತಿ: ಎಳೆ ಬಿಟ್ಟು ಬಿಟ್ಟು ಹೊಲಿದು ಹೋಗಬೇಕು. ಅದೇ ದಾರಿಯಲ್ಲಿ ತಿರುಗಿ ಬಂದು ಖಾಲಿ ಜಾಗ ತುಂಬಬೇಕು. ಬಟ್ಟೆಯ ಎರಡೂ ಕಡೆ ಒಂದೇ ತರಹ ಕಾಣುತ್ತದೆ.
2. ಮುರ್ಗಿ: ಇದು ಮೆಟ್ಟಿಲಿನ ಹಾಗೆ ಏರುತ್ತದೆ. ಇದೂ ಎರಡು ಕಡೆ ಒಂದೇ ತರಹ.
3. ನೇಗಿ: ನೋಡಿದರೆ ನೇಯ್ದ ಹಾಗೆ ಕಾಣುತ್ತದೆ.
4. ಮೆಂತಿ: ಅಡ್ಡಡ್ಡ ದಾಟುವ ಹೊಲಿಗೆ. ಮೆಂತ್ಯದ ಕಾಳಿನ ಹಾಗೆ ಕಾಣುತ್ತದೆ.

ಮಕ್ಕಳ ಬಳಿ ಚೌಕಗಳಿರುವ ಲೆಕ್ಕದ ಪುಸ್ತಕ ಇರುತ್ತದೆ. ಒಂದೊಂದು ಚೌಕವನ್ನು ಒಂದೊಂದು ಹೊಲಿಗೆ ಎಂದು ಹಿಡಿಯಿರಿ. ನಿಮಗೆ ಗೊತ್ತಿರುವ ನವಿಲನ್ನು ಮಗಳು ಅದರಲ್ಲಿ ಬರೆಯಲಿ. ನೀವು ಎಣಿಕೆ ಹೇಳಿ. ಅವಳು ಗೆರೆ ಎಳೆಯಲಿ. ಅಜ್ಜಿ ಹಾಕುತ್ತಿದ್ದ ನವಿಲು ಹೀಗೆ ಕಾಗದಕ್ಕೆ ಬರುತ್ತದೆ. ಮುಂದೆ ಯಾರು ಬೇಕಾದರೂ ಅದನ್ನು ನೋಡಿ ಹಾಕಬಹುದು.

ಕೂಲಿ ಎಲ್ಲಿ ಹೋಯಿತು?

ಈಗ ಹಣದ ಮಾತು. ಯಾರೋ ಬಂದು ಕೇಳುತ್ತಾರೆ. "ಅಕ್ಕಾರ, 20 ರೊಟ್ಟಿ ಮಾಡಿ ಕೊಡ್ರಿ. ಒಂದಕ್ಕ 5 ರೂಪಾಯಿ ಕೊಡ್ತೀನಿ. ಮನ್ಯಾಗ ಮಾಡೋದ ಅಲ್ಲೇನ್ರಿ?"

ಕೊಡಬೇಕೇ? ಮೊದಲು ಲೆಕ್ಕ ಹಾಕೋಣ. ದರಗಳನ್ನು ಹೀಗೆ ಇಟ್ಟುಕೊಳ್ಳೋಣ.

ಜೋಳ 1 ಕಿಲೋ: 50 ರೂಪಾಯಿ
ಗಿರಣಿ ಖರ್ಚು: 6 ರೂಪಾಯಿ
ಉರುವಲು: 14 ರೂಪಾಯಿ
ಒಟ್ಟು: 70 ರೂಪಾಯಿ

20 ರೊಟ್ಟಿಗೆ 100 ರೂಪಾಯಿ ಬಂತು. 70 ಕಳೆದರೆ 30 ಉಳಿಯಿತು. "30 ರೂಪಾಯಿ ಲಾಭ!" ಎಂದು ಹಿಗ್ಗಬೇಡಿ. ನಿಮ್ಮ ಕೂಲಿ ಎಲ್ಲಿ? ಕೆಲಸಕ್ಕೆ 1 ಗಂಟೆ ಹಿಡಿಯಿತು. ಗಂಟೆಗೆ 50 ರೂಪಾಯಿ ಕೂಲಿ ಎಂದು ಹಿಡಿಯೋಣ. 70 ಮತ್ತು 50 ಸೇರಿ 120. ಅಂದರೆ ಒಂದು ರೊಟ್ಟಿಗೆ 6 ರೂಪಾಯಿ ಬಿದ್ದಿತು. 5 ರೂಪಾಯಿಗೆ ಕೊಟ್ಟರೆ ನಿಮ್ಮ ಕೂಲಿಯಲ್ಲೇ 20 ರೂಪಾಯಿ ಹೋಯಿತು.

ಮನೆಯಲ್ಲಿ ಮಾಡಿದ ಕೆಲಸಕ್ಕೂ ಕೂಲಿ ಉಂಟು. ಅದನ್ನು ನಾವೇ ಲೆಕ್ಕಕ್ಕೆ ಹಿಡಿಯದಿದ್ದರೆ ಬೇರೆ ಯಾರು ಹಿಡಿಯುತ್ತಾರೆ? ಕಸೂತಿಗೂ ಇದೇ ಮಾತು. ಸೂಜಿ ಹಿಡಿದ ಹೊತ್ತು, ಬಿಟ್ಟ ಹೊತ್ತು ಎರಡನ್ನೂ ಬರೆದಿಡಿ. ಬರೆದ ಲೆಕ್ಕ ಕೈಯಲ್ಲಿದ್ದರೆ ದರ ಹೇಳಲು ಅಂಜಿಕೆ ಇಲ್ಲ.

ಮಕ್ಕಳಿಗೆ ಕೈಕೆಲಸ ಕಲಿಸುವಾಗ ಈ ಲೆಕ್ಕವನ್ನೂ ಕಲಿಸೋಣ.

ಅಭ್ಯಾಸ

1. ಓದಿ, ಬರೆಯಿರಿ: ಜಿಗಿ, ಎಳೆ, ಚೌಕ, ಉರುವಲು, ಕೂಲಿ.
2. ಜೋಳದ ಹಿಟ್ಟಿಗೆ ಬಿಸಿ ನೀರು ಯಾಕೆ ಹಾಕಬೇಕು?
3. ಕಸೂತಿಯ 4 ಹೊಲಿಗೆಗಳ ಹೆಸರು ಬರೆಯಿರಿ.
4. ಒಂದು ಕಸೂತಿ ಚೀಲಕ್ಕೆ ಬಟ್ಟೆ 80 ರೂಪಾಯಿ, ದಾರ 20 ರೂಪಾಯಿ. ಕೆಲಸ 4 ಗಂಟೆ. ಗಂಟೆಗೆ ಕೂಲಿ 50 ರೂಪಾಯಿ. ಚೀಲಕ್ಕೆ ಎಷ್ಟು ಬಿದ್ದಿತು? (ಉತ್ತರ: 300 ರೂಪಾಯಿ)
5. ನಿಮ್ಮ ಊರಿನ ದರ ಹಿಡಿದು ರೊಟ್ಟಿಯ ಲೆಕ್ಕ ಮಾಡಿ. ಮಕ್ಕಳಿಗೆ ಓದಿ ಹೇಳಿ.