ಹಳೆಯ ಕರ್ನಲ್ ನೋಡಿಕೊಳ್ಳುವ ಮಕ್ಕಳಿಗೆ ಕಿವಿಮಾತು

ಲಿನಕ್ಸ್ ಕರ್ನಲ್‌ನ ಹೊಸ ಆವೃತ್ತಿ ಒಂಬತ್ತು-ಹತ್ತು ವಾರಕ್ಕೊಮ್ಮೆ ಬರುತ್ತದೆ. ಅಂಗಡಿಯ ಬಿಲ್ಲಿಂಗ್ ಯಂತ್ರ, ಮನೆಯ ರೌಟರ್, ಆಸ್ಪತ್ರೆಯ ಮಾನಿಟರ್ ಅಷ್ಟು ಬೇಗ ಬದಲಾಗುವುದಿಲ್ಲ. ಅವುಗಳೊಳಗಿನ ಹಳೆಯ ಕರ್ನಲ್ ಅನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಕೆಲಸ ಬೆಂಗಳೂರಿನಲ್ಲಿ ಎಷ್ಟೋ ಹುಡುಗ ಹುಡುಗಿಯರ ಪಾಲಿಗೆ ಬಂದಿದೆ. ಹೊಸದೇನನ್ನೂ ಕಟ್ಟುತ್ತಿಲ್ಲ ಎಂದು ಬೇಸರಪಡಬೇಡಿ. ಜನ ನೆಚ್ಚಿಕೊಂಡಿರುವುದು ನಿಮ್ಮನ್ನೇ. ಈ ಕೆಲಸದಲ್ಲಿ ನನಗೆ ನಿಜವೆನಿಸಿದ ನಾಲ್ಕು ಮಾತು ಹೇಳುತ್ತೇನೆ.

• ಆವೃತ್ತಿ ಆರಿಸುವ ಮುಂಚೆ ಅದರ ಕೊನೆಯ ದಿನ ನೋಡಿ. ಮಾಮೂಲಿ ಸ್ಟೇಬಲ್ ಆವೃತ್ತಿಗೆ, ಮುಂದಿನದು ಬಂದ ಕೆಲವೇ ವಾರಗಳಲ್ಲಿ ರಿಪೇರಿ ನಿಲ್ಲುತ್ತದೆ. ದೀರ್ಘಕಾಲ ನೋಡಿಕೊಳ್ಳಲೆಂದು ವರ್ಷಕ್ಕೊಂದರಂತೆ ಆರಿಸುವ ಎಲ್‌ಟಿಎಸ್ ಆವೃತ್ತಿಗೆ ಮಾತ್ರ ಆಯುಸ್ಸು ಹೆಚ್ಚು. ಆ ಅವಧಿಯನ್ನು 2017ರಲ್ಲಿ ಆರು ವರ್ಷಕ್ಕೆ ಏರಿಸಿದರು. 2023ರಲ್ಲಿ ಮತ್ತೆ ಎರಡಕ್ಕೆ ಇಳಿಸುವುದಾಗಿ ಹೇಳಿದರು. ತಾರೀಕು ಹಿಂದೆ ಮುಂದೆ ಆಗಬಹುದು, ಕರ್ನಲ್ ಡಾಟ್ ಆರ್ಗ್‌ನ ಪಟ್ಟಿ ನೋಡುತ್ತಿರಿ. ಗ್ರಾಹಕರಿಗೆ ಹತ್ತು ವರ್ಷದ ಮಾತು ಕೊಡುವುದಾದರೆ, ಉಳಿದ ವರ್ಷ ಪ್ಯಾಚ್ ಹಾಕುವವರು ಯಾರು ಎಂದು ಸಹಿ ಬೀಳುವ ಮುಂಚೆಯೇ ಕೇಳಿ.

• ನಿಮ್ಮ ಪ್ಯಾಚ್ ಮೊದಲು ಕರ್ನಲ್‌ನ ಮುಖ್ಯ ಮರವಾದ ಮೇನ್‌ಲೈನ್ ಸೇರಲಿ. ಮೇನ್‌ಲೈನ್‌ನಲ್ಲಿ ಇಲ್ಲದ್ದನ್ನು ಸ್ಟೇಬಲ್ ಮರಕ್ಕೆ ತೆಗೆದುಕೊಳ್ಳುವುದಿಲ್ಲ. ಈ ನಿಯಮ ಇಲ್ಲದಿದ್ದರೆ, ಇಂದು ಸರಿಮಾಡಿದ ದೋಷ ಮುಂದಿನ ಆವೃತ್ತಿಗೆ ಹೋದಾಗ ಮತ್ತೆ ಎದುರಾಗುತ್ತದೆ. ಪ್ಯಾಚ್ ಚಿಕ್ಕದಾಗಿಯೂ ಇರಬೇಕು: ಅಕ್ಕಪಕ್ಕದ ಸಾಲುಗಳೂ ಸೇರಿ 100 ಸಾಲಿನ ಒಳಗೆ ಎಂಬುದು ನಿಯಮ.

• ಪ್ಯಾಚ್ ಹಳೆಯ ಆವೃತ್ತಿಗೆ ಅಂಟಿಕೊಂಡಿತೆಂದು ನಿಶ್ಚಿಂತರಾಗಬೇಡಿ. ಅದಕ್ಕೆ ಆಧಾರವಾದದ್ದು ಅಲ್ಲಿದೆಯೇ ನೋಡಿ. 2023ರ ಕೊನೆಯಲ್ಲಿ ಎಕ್ಸ್‌ಟಿ4 ಫೈಲ್ ಸಿಸ್ಟಮ್‌ನ ಒಂದು ಪ್ಯಾಚ್ 6.1.64ಕ್ಕೆ ಬಂತು. ಮೇನ್‌ಲೈನ್‌ನಲ್ಲಿ ಅದು ಸರಿಯಾಗಿಯೇ ಇತ್ತು. ಆದರೆ ಅದಕ್ಕೆ ಮೊದಲು ಬರಬೇಕಿದ್ದ ಐಒಮ್ಯಾಪ್ ಬದಲಾವಣೆ 6.1ರಲ್ಲಿ ಇರಲಿಲ್ಲ. ಕಂಪೈಲ್ ಆಗಲು ಏನೂ ತೊಡಕಾಗಲಿಲ್ಲ. ಡೈರೆಕ್ಟ್ ಐಒದಲ್ಲಿ ಬರೆಯುವಾಗ ಮಾತ್ರ ಫೈಲಿನೊಳಗಿನ ಜಾಗದ ಲೆಕ್ಕ ತಪ್ಪಿ ಡೇಟಾ ಕೆಡುವ ಅಪಾಯ ಎದುರಾಯಿತು. ಆ ಕರ್ನಲ್ ಬಳಸುತ್ತಿದ್ದ ಡೆಬಿಯನ್ ತಂಡ ತನ್ನ 12.3ರ ಬಿಡುಗಡೆಯನ್ನು ತಡೆದು, ಸರಿಪಡಿಸಿದ ಕರ್ನಲ್‌ನೊಂದಿಗೆ 12.4 ಹೊರತಂದಿತು. ಹೀಗೆ ಹಳೆಯ ಆವೃತ್ತಿಗೆ ಬ್ಯಾಕ್‌ಪೋರ್ಟ್ ಮಾಡುವಾಗ ಮೂಲ ಪ್ಯಾಚ್‌ನ ಹಿಂದುಮುಂದಿನ ಕಮಿಟ್‌ಗಳನ್ನೂ ಓದಿ.

• ಹಾಗಂತ ಹೆದರಿ ಅಪ್‌ಡೇಟ್ ನಿಲ್ಲಿಸಬೇಡಿ. ಭದ್ರತೆಯ ಪ್ಯಾಚ್‌ಗಳನ್ನಷ್ಟೇ ಹೆಕ್ಕಿಕೊಳ್ಳುತ್ತೇವೆ ಎನ್ನುವವರಿದ್ದಾರೆ. ಕರ್ನಲ್‌ನಲ್ಲಿ ಯಾವ ಸಣ್ಣ ದೋಷ ನಾಳೆ ಕಳ್ಳದಾರಿಯಾದೀತೆಂದು ಮೊದಲೇ ಹೇಳುವುದು ಕಷ್ಟ. 2024ರ ಫೆಬ್ರವರಿಯಿಂದ, ಭದ್ರತಾ ದೋಷಗಳನ್ನು ಗುರುತಿಸುವ ಸಿವಿಇ ಸಂಖ್ಯೆಗಳನ್ನು ಕರ್ನಲ್ ತಂಡವೇ ಕೊಡುತ್ತಿದೆ. ಅವು ಬರುವುದು ರಾಶಿಗಟ್ಟಲೆ, ಒಂದೊಂದನ್ನೂ ತೂಗಿ ನೋಡುತ್ತ ಕೂರಲು ನಿಮ್ಮ ತಂಡಕ್ಕೆ ಪುರುಸೊತ್ತಿರುವುದಿಲ್ಲ. ಇಡೀ ಬಿಡುಗಡೆಯನ್ನೇ ತೆಗೆದುಕೊಳ್ಳಿ.

• ನಿಮ್ಮದೇ ಬೋರ್ಡಿನ ಮೇಲೆ ಪರೀಕ್ಷಿಸಿ. ಸ್ಟೇಬಲ್ ಬಿಡುಗಡೆಗೆ ಮುಂಚೆ ಸಾಮಾನ್ಯವಾಗಿ 48 ಗಂಟೆ ಪರಿಶೀಲನೆಗೆ ಸಿಗುತ್ತದೆ, ಅದನ್ನು ಕಳೆದುಕೊಳ್ಳಬೇಡಿ. ಬೂಟ್ ಆದರೆ ಸಾಲದು. ಬರೆಯುತ್ತಿರುವಾಗಲೇ ಕರೆಂಟ್ ತೆಗೆಯಿರಿ, ಡಿಸ್ಕ್ ತುಂಬಿಸಿ, ನೆಟ್‌ವರ್ಕ್ ಕೇಬಲ್ ಕಿತ್ತು ಹಾಕಿ, ನಿದ್ದೆಗೆ ಕಳಿಸಿ ಎಬ್ಬಿಸಿ. ಹೊಸದು ಕೈಕೊಟ್ಟರೆ ಉಪಕರಣ ತಾನೇ ಹಳೆಯ ಕರ್ನಲ್‌ಗೆ ಮರಳುವಂತಿರಲಿ.

• ಆವೃತ್ತಿ ಸಂಖ್ಯೆ ನೋಡಿ ಕರ್ನಲ್‌ನ ಗುಣ ಅಳೆಯಬೇಡಿ. 2021ರಲ್ಲಿ 4.4 ಮತ್ತು 4.9ರ ಕೊನೆಯ ಅಂಕಿ 255 ದಾಟಿತು. ಅದಕ್ಕೆ ಇಟ್ಟಿದ್ದ ಜಾಗ ಎಂಟೇ ಬಿಟ್, ತಡೆಯದಿದ್ದರೆ 4.4.256 ತನ್ನನ್ನು 4.5.0 ಎಂದು ಹೇಳಿಕೊಳ್ಳುತ್ತಿತ್ತು. ಒಳಗಿನ ಲೆಕ್ಕದಲ್ಲಿ ಅದನ್ನು 255ಕ್ಕೇ ನಿಲ್ಲಿಸಬೇಕಾಯಿತು. ಬೇಕಾದ ಸೌಲಭ್ಯ ಇದೆಯೇ ಎಂದು ನೇರವಾಗಿಯೇ ಪರೀಕ್ಷಿಸಿ.

• ಮೇನ್‌ಲೈನ್ ಸೇರದ ನಿಮ್ಮದೇ ಪ್ಯಾಚ್‌ಗಳು ಕಡಿಮೆ ಇರಲಿ. ಪ್ರತಿಯೊಂದಕ್ಕೂ ಯಾಕೆ ಹಾಕಿದ್ದು, ಯಾವಾಗ ತೆಗೆಯಬಹುದು ಎಂದು ಬರೆದಿಡಿ. ನಿಮ್ಮ ನಂತರ ಆ ಕುರ್ಚಿಯಲ್ಲಿ ಕೂರುವವರನ್ನು ನೆನೆದು ಬರೆಯಿರಿ.

• ಅವಧಿ ಮುಗಿಯಲು ಒಂದು ವರ್ಷ ಇರುವಾಗಲೇ ಮುಂದಿನ ಎಲ್‌ಟಿಎಸ್‌ಗೆ ಹೋಗುವ ಕೆಲಸ ಶುರುಮಾಡಿ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಬಂತು?

• ಕೊನೆಯದಾಗಿ, ಪಡೆದದ್ದಕ್ಕೆ ಪ್ರತಿಯಾಗಿ ಏನಾದರೂ ಕೊಡಿ. ಗ್ರೆಗ್ ಕ್ರೋ-ಹಾರ್ಟ್‌ಮನ್, ಸಾಶಾ ಲೆವಿನ್ ಅವರಂಥ ಬೆರಳೆಣಿಕೆಯ ಮೇಂಟೇನರ್‌ಗಳ ದುಡಿಮೆಯ ಮೇಲೆ ಜಗತ್ತಿನ ಎಷ್ಟೋ ಉಪಕರಣಗಳು ನಿಂತಿವೆ. ಯಾವ ಬೋರ್ಡಿನಲ್ಲಿ ಓಡಿಸಿದಿರಿ, ಸರಿಯಾಯಿತೇ ಕೆಟ್ಟಿತೇ ಎಂಬ ಎರಡು ಸಾಲು ಅವರಿಗೆ ದೊಡ್ಡ ನೆರವು. ಮುಂದಿನ ಬಿಡುಗಡೆ ಪರಿಶೀಲನೆಗೆ ಬಂದಾಗ, ಸಂಕೋಚ ಬಿಟ್ಟು ಆ ಎರಡು ಸಾಲು ಬರೆಯಿರಿ.