ಹಾಟ್ ಎಂದರೆ ಬಿಸಿಯಷ್ಟೇ ಅಲ್ಲ

ಓದಿಗೋ ಕೆಲಸಕ್ಕೋ ಅಮೆರಿಕಕ್ಕೆ ಹೊರಟವರೇ, 'ಹಾಟ್' ಎಂಬ ಪುಟ್ಟ ಪದದ ಬಗ್ಗೆ ಸ್ವಲ್ಪ ಎಚ್ಚರವಿರಲಿ. ನಮಗೆ ಬಿಸಿ ಬೇರೆ, ಖಾರ ಬೇರೆ. ಇಂಗ್ಲಿಷಿನಲ್ಲಿ ಎರಡಕ್ಕೂ ಇದೇ ಪದ. ಸೂಪು ಆರಿದೆಯೆಂದು 'ಹಾಟ್ ಬೇಕು' ಅಂದರೆ, ಕಣ್ಣಲ್ಲಿ ನೀರು ಬರಿಸುವ ಖಾರ ಎದುರಿಗೆ ಬಂದೀತು. ಹಾಟ್ ಸಾಸ್ ಫ್ರಿಜ್ಜಿನಿಂದ ತಣ್ಣಗೇ ಬರುತ್ತದಲ್ಲ! ಖಾರಕ್ಕೆ 'ಸ್ಪೈಸಿ' ಎನ್ನಿ, ಆರಿದ್ದಕ್ಕೆ 'ವಾರ್ಮ್ ಇಟ್ ಅಪ್' ಎನ್ನಿ. ಕದ್ದ ಮಾಲಿಗೂ ಆಡುಮಾತಿನಲ್ಲಿ ಹಾಟ್ ಎನ್ನುವುದುಂಟು.

ಇನ್ನು ನಮ್ಮ 'ಉಷ್ಣ'. ಮೈ ಹೀಟಾಗಿದೆ ಎನ್ನಲು ಡಾಕ್ಟರ ಮುಂದೆ 'ಇನ್ ಹೀಟ್' ಅಂದುಬಿಡಬೇಡಿ; ಅದು ಬೆದೆಗೆ ಬಂದ ಪ್ರಾಣಿಗೆ ಹೇಳುವ ಮಾತು. ಕಣ್ಣುರಿಯೋ, ಬಾಯಿಹುಣ್ಣೋ, ಉರಿಮೂತ್ರವೋ, ಆಗುತ್ತಿರುವುದನ್ನೇ ನೇರವಾಗಿ ಹೇಳಿ.